ದೃಷ್ಟಿದೋಷ ಮತ್ತು ಪಿಸ್ತೂಲಿನ ಗುರಿಸಾಧನಗಳು

ಪಿಸ್ತೂಲು ಅಥವಾ ರಿವಾಲ್ವರಿನ ನಳಿಕೆಯು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಶೂಟರ್‌ನ ಕಣ್ಣಿಗೆ ತೋರಿಸಿಕೊಡುವ ಸಾಧನವನ್ನು ಗುರಿಸಾಧನ ಎನ್ನುತ್ತಾರೆ. ಶೂಟಿಂಗ್ ಅಂಗಣಗಳಲ್ಲಿ ಇದಕ್ಕೆ 'ಸೈಟ್' ಎಂಬ ಹೆಸರೇ ರೂಢಿಯಲ್ಲಿದೆ. ನಳಿಕೆಯ ತುದಿಯಲ್ಲಿ ನಿಂತಿರುವ ಸಣ್ಣ ಕಂಬ ಫ್ರಂಟ್ ಸೈಟ್. ಹಿಂಬದಿಯಲ್ಲಿರುವ ಕಚ್ಚು ರಿಯರ್ ಸೈಟ್. ಇವೆರಡೂ ಸೇರಿದ ತೆರೆದ ಸೈಟ್ ಅತ್ಯಂತ ಸರಳವಾದ ಹಾಗೂ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಗುರಿಸಾಧನವಾಗಿದೆ.

ದೃಷ್ಟಿದೋಷವುಳ್ಳವರಿಗೆ, ಅದರಲ್ಲಿಯೂ ನಲವತ್ತು ವರ್ಷ ದಾಟಿದವರಿಗೆ, ತೆರೆದ ಸೈಟ್ ಮಸುಕಾಗಿ ಕಾಣತೊಡಗುತ್ತದೆ. ಇದಕ್ಕೆ ಪರಿಹಾರವಾಗಿ ವಿಶೇಷ ಶಕ್ತಿಯ ಕನ್ನಡಕ, ಕಿರುರಂಧ್ರ, ಅಗಲವಾದ ಕಚ್ಚು, ಹೊಳೆಯುವ ಫೈಬರ್, ರೆಡ್ ಡಾಟ್, ಲೇಸರ್ ಮುಂತಾದವು ಬಳಕೆಗೆ ಬಂದಿವೆ. ಇವುಗಳಲ್ಲಿ ಯಾವುದು ಸೂಕ್ತ ಎಂಬುದು ದೃಷ್ಟಿ ಎಷ್ಟು ಕುಂದಿದೆ ಎಂಬುದಕ್ಕಿಂತ ಹೆಚ್ಚಾಗಿ, ಕಣ್ಣು ಯಾವ ದೂರದಲ್ಲಿರುವ ವಸ್ತುವನ್ನು ಸ್ಪಷ್ಟವಾಗಿ ಕಾಣಬಲ್ಲದು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಗುರಿಸಾಧನದ ಆಯ್ಕೆಯು ನೇತ್ರಪರೀಕ್ಷೆಯಿಂದ ಆರಂಭವಾಗುವುದು ಯುಕ್ತ.

ಮೂರು ದೂರಗಳ ಸಮಸ್ಯೆ

ತೆರೆದ ಸೈಟ್ ಬಳಸುವಾಗ ಶೂಟರ್‌ನ ಕಣ್ಣು ಏಕಕಾಲದಲ್ಲಿ ಮೂರು ವಸ್ತುಗಳನ್ನು ನೋಡಬೇಕಾಗುತ್ತದೆ: ರಿಯರ್ ಸೈಟ್, ಫ್ರಂಟ್ ಸೈಟ್ ಮತ್ತು ಗುರಿ. ಚಾಚಿದ ಕೈಯಲ್ಲಿ ಹಿಡಿದ ಪಿಸ್ತೂಲಿನ ಫ್ರಂಟ್ ಸೈಟ್ ಕಣ್ಣಿನಿಂದ ಸುಮಾರು 80 ಸೆಂ.ಮೀ. ದೂರದಲ್ಲಿರುತ್ತದೆ. ರಿಯರ್ ಸೈಟ್ ಅದಕ್ಕಿಂತ ಹತ್ತಿರದಲ್ಲಿಯೂ ಗುರಿಯು 10, 25 ಅಥವಾ 50 ಮೀಟರ್ ದೂರದಲ್ಲಿಯೂ ಇರುತ್ತವೆ. ಕಣ್ಣಿನ ಮಸೂರವು ಒಂದು ಕ್ಷಣದಲ್ಲಿ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು. ಹೀಗಾಗಿ ಮೂರನ್ನೂ ಒಟ್ಟಿಗೆ ಸಂಪೂರ್ಣ ಸ್ಪಷ್ಟವಾಗಿ ಕಾಣುವುದು ಎಳೆಯರ ಆರೋಗ್ಯವಂತ ಕಣ್ಣಿಗೂ ಸಾಧ್ಯವಿಲ್ಲ. ಎಳೆಯ ಕಣ್ಣು ತನ್ನ ಮಸೂರದ ಆಕಾರವನ್ನು ಬದಲಿಸುತ್ತ ಬೇಕಾದ ದೂರಕ್ಕೆ ತಕ್ಷಣ ಹೊಂದಿಕೊಳ್ಳುತ್ತದೆ. ವಯಸ್ಸಾದ ಕಣ್ಣು ಆ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಮಸೂರದ ಶಕ್ತಿಯನ್ನು ಡಯಾಪ್ಟರ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೀಟರುಗಳಲ್ಲಿ ಹೇಳಿದ ದೂರದಿಂದ 1ನ್ನು ಭಾಗಿಸಿದರೆ, ಆ ದೂರದ ವಸ್ತುವನ್ನು ನೋಡಲು ಬೇಕಾದ ಹೆಚ್ಚುವರಿ ಶಕ್ತಿ ದೊರೆಯುತ್ತದೆ. 80 ಸೆಂ.ಮೀ. ದೂರದ ಫ್ರಂಟ್ ಸೈಟ್‌ಗೆ 1.25 ಡಯಾಪ್ಟರ್, 10 ಮೀಟರ್ ದೂರದ ಗುರಿಗೆ 0.1 ಡಯಾಪ್ಟರ್ ಬೇಕು. ಇವೆರಡರ ನಡುವಿನ 1.15 ಡಯಾಪ್ಟರ್ ಅಂತರವನ್ನು ನಿಭಾಯಿಸುವುದೇ ದೃಷ್ಟಿದೋಷವುಳ್ಳ ಶೂಟರ್‌ನ ಮುಖ್ಯ ಸಮಸ್ಯೆಯಾಗಿದೆ.

ಫ್ರಂಟ್ ಸೈಟ್‌ನ ಪ್ರಾಮುಖ್ಯ

ಒಂದನ್ನೇ ಸ್ಪಷ್ಟವಾಗಿ ಕಾಣಲು ಸಾಧ್ಯವಾದಾಗ ಫ್ರಂಟ್ ಸೈಟನ್ನು ಆರಿಸಿಕೊಳ್ಳಬೇಕೆಂಬುದು ತರಬೇತಿಯ ಹಳೆಯ ನಿಯಮ. ಇದಕ್ಕೆ ಜ್ಯಾಮಿತಿಯ ಆಧಾರವಿದೆ. ಎರಡು ಸೈಟ್‌ಗಳ ನಡುವಿನ ಅಂತರ 160 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಫ್ರಂಟ್ ಸೈಟ್ ಕಚ್ಚಿನ ಮಧ್ಯದಿಂದ ಕೇವಲ 0.5 ಮಿ.ಮೀ. ಪಕ್ಕಕ್ಕೆ ಸರಿದಿದ್ದರೂ, ಗುಂಡು 10 ಮೀಟರ್ ದೂರದಲ್ಲಿ ಸುಮಾರು 31 ಮಿ.ಮೀ., 25 ಮೀಟರ್ ದೂರದಲ್ಲಿ ಸುಮಾರು 78 ಮಿ.ಮೀ. ಆಚೆಗೆ ಬೀಳುತ್ತದೆ. ಇದಕ್ಕೆ ಪ್ರತಿಯಾಗಿ, ಎರಡೂ ಸೈಟ್‌ಗಳು ಸರಿಯಾಗಿ ಹೊಂದಿಕೊಂಡಿದ್ದು ಇಡೀ ಪಿಸ್ತೂಲು ಕೋನ ಬದಲಿಸದೆ 5 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ. 10 ಮೀಟರ್ ಏರ್ ಪಿಸ್ತೂಲ್ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಆಗಿದ್ದು, ಅದರಾಚೆಗಿನ ಪ್ರತಿಯೊಂದು ಉಂಗುರದ ಅಗಲ 8 ಮಿ.ಮೀ. ಇರುತ್ತದೆ. ಅಂದರೆ ಸೈಟ್‌ಗಳ ಹೊಂದಾಣಿಕೆಯಲ್ಲಿ ಕಣ್ಣಿಗೆ ಹೊಳೆಯದಷ್ಟು ಸಣ್ಣ ತಪ್ಪು ಮೂರು ನಾಲ್ಕು ಅಂಕಗಳನ್ನು ಕಸಿದುಕೊಳ್ಳಬಲ್ಲದು.

ಗುರಿಯು ಸ್ವಲ್ಪ ಮಸುಕಾಗಿ ಕಂಡರೆ ನಷ್ಟ ಕಡಿಮೆ. ಏರ್ ಪಿಸ್ತೂಲ್ ಗುರಿಯ ಕಪ್ಪು ವೃತ್ತವು 59.5 ಮಿ.ಮೀ. ವ್ಯಾಸದ್ದಾಗಿದ್ದು, ಅಂಚು ಮಸುಕಾದರೂ ಅದರ ಕೇಂದ್ರ ಎಲ್ಲಿದೆ ಎಂಬುದನ್ನು ಕಣ್ಣು ಅಂದಾಜಿಸಬಲ್ಲದು. ಅನೇಕರು ಕಪ್ಪು ವೃತ್ತದ ನಡುವಿಗೆ ಗುರಿಯಿಡದೆ, ಅದರ ಕೆಳಗೆ ಬಿಳಿಯ ಪಟ್ಟಿಯೊಂದನ್ನು ಬಿಟ್ಟು ಗುರಿಯಿಡುತ್ತಾರೆ. ಕಪ್ಪು ಸೈಟ್ ಬಿಳಿಯ ಹಿನ್ನೆಲೆಯಲ್ಲಿ ಎದ್ದು ಕಾಣುವುದು ಇದರ ಲಾಭ.

ದೃಷ್ಟಿದೋಷಗಳು ಮತ್ತು ಅವುಗಳ ಪರಿಣಾಮ

ಚಾಳೀಸು: ವಯಸ್ಸಿನೊಂದಿಗೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ವಸ್ತುಗಳಿಗೆ ಹೊಂದಿಕೊಳ್ಳುವ ಶಕ್ತಿ ಕುಂದುವುದನ್ನು ವೈದ್ಯಕೀಯದಲ್ಲಿ ಪ್ರೆಸ್‌ಬಯೋಪಿಯಾ ಎನ್ನುತ್ತಾರೆ. ನಲವತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವುದರಿಂದ ಇದಕ್ಕೆ ಆಡುಮಾತಿನಲ್ಲಿ ಚಾಳೀಸು ಎಂಬ ಹೆಸರು ಬಂದಿದೆ. ಬಾಲ್ಯದಲ್ಲಿ 10 ಡಯಾಪ್ಟರಿಗಿಂತ ಹೆಚ್ಚಿರುವ ಹೊಂದಾಣಿಕೆಯ ಶಕ್ತಿ ಅರವತ್ತರ ವೇಳೆಗೆ 1 ಡಯಾಪ್ಟರಿನ ಆಸುಪಾಸಿಗೆ ಇಳಿಯುತ್ತದೆ. ಇಂಥವರಿಗೆ ಗುರಿ ಸ್ಪಷ್ಟವಾಗಿಯೇ ಕಾಣುತ್ತದೆ, ಮಸುಕಾಗುವುದು ಸೈಟ್. ತೆರೆದ ಸೈಟ್ ಬಳಸುವವರನ್ನು ಅತಿ ಹೆಚ್ಚಾಗಿ ಬಾಧಿಸುವ ದೋಷ ಇದೇ.

ಸಮೀಪದೃಷ್ಟಿ: ಹತ್ತಿರದ ವಸ್ತುಗಳು ಕಾಣುತ್ತವೆ, ದೂರದವು ಮಸುಕಾಗುತ್ತವೆ. 1.25 ಡಯಾಪ್ಟರಿನಷ್ಟು ಸಮೀಪದೃಷ್ಟಿಯಿರುವ ಕಣ್ಣು ಕನ್ನಡಕವಿಲ್ಲದೆಯೇ 80 ಸೆಂ.ಮೀ. ದೂರದ ಫ್ರಂಟ್ ಸೈಟನ್ನು ಸ್ಪಷ್ಟವಾಗಿ ಕಾಣುತ್ತದೆ, ಗುರಿಯನ್ನು ಮಸುಕಾಗಿ ಕಾಣುತ್ತದೆ. ದೋಷ ಇದಕ್ಕಿಂತ ಹೆಚ್ಚಿದ್ದಲ್ಲಿ ಸೈಟ್ ಕೂಡ ಮಸುಕಾಗುವುದರಿಂದ ಕನ್ನಡಕ ಅನಿವಾರ್ಯ.

ದೂರದೃಷ್ಟಿ: ಹರೆಯದಲ್ಲಿ ಕಣ್ಣು ತನ್ನ ಹೊಂದಾಣಿಕೆಯ ಶಕ್ತಿಯಿಂದಲೇ ಈ ದೋಷವನ್ನು ಮುಚ್ಚಿಕೊಳ್ಳುತ್ತದೆ. ಆದರೆ ದೀರ್ಘ ಅಭ್ಯಾಸದ ಕೊನೆಗೆ ಕಣ್ಣು ದಣಿದು ಸೈಟ್ ಮಸುಕಾಗುತ್ತದೆ. ಇಂಥವರಿಗೆ ಚಾಳೀಸಿನ ತೊಂದರೆಯೂ ಬೇಗ ಅರಿವಿಗೆ ಬರುತ್ತದೆ.

ಅಸ್ಟಿಗ್ಮ್ಯಾಟಿಸಂ: ಕಾರ್ನಿಯಾದ ಅಥವಾ ಮಸೂರದ ಬಾಗು ಎಲ್ಲ ದಿಕ್ಕುಗಳಲ್ಲಿ ಸಮನಾಗಿರದಿರುವುದು. ಇದರಿಂದ ಒಂದು ದಿಕ್ಕಿನ ಅಂಚುಗಳು ಸ್ಪಷ್ಟವಾಗಿಯೂ ಇನ್ನೊಂದು ದಿಕ್ಕಿನವು ಮಸುಕಾಗಿಯೂ ಕಾಣುತ್ತವೆ. ಫ್ರಂಟ್ ಸೈಟ್‌ನ ಪಕ್ಕದ ಅಂಚುಗಳು ಚೆನ್ನಾಗಿ ಕಂಡು ಮೇಲಂಚು ಮಸುಕಾದರೆ ಗುಂಡುಗಳು ಮೇಲೆ ಕೆಳಗೆ ಚದುರುತ್ತವೆ. ರೆಡ್ ಡಾಟ್ ಸಾಧನದ ಚುಕ್ಕೆಯು ಇವರಿಗೆ ಅಲ್ಪವಿರಾಮದಂತೆ, ನಕ್ಷತ್ರದಂತೆ ಅಥವಾ ಎರಡು ಚುಕ್ಕೆಗಳಂತೆ ಕಾಣಬಹುದು.

ಕಣ್ಣಿನ ಪೊರೆ: ಮಸೂರ ಮಬ್ಬಾಗಿ ಬೆಳಕು ಚದುರುವುದರಿಂದ ಕಪ್ಪು ಬಿಳುಪಿನ ವ್ಯತ್ಯಾಸ ಕುಂದುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸುವ ಏಕನಾಭಿ ಕೃತಕ ಮಸೂರಕ್ಕೆ ಹೊಂದಾಣಿಕೆಯ ಶಕ್ತಿಯಿಲ್ಲ. ಅದು ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ಸ್ಪಷ್ಟ. ಬಹುನಾಭಿ ಮಸೂರಗಳು ಹಲವು ದೂರಗಳಲ್ಲಿ ನೆರವಾಗುತ್ತವೆಯಾದರೂ ಕತ್ತಲಲ್ಲಿ ಬೆಳಕಿನ ಬಿಂದುಗಳ ಸುತ್ತ ಪ್ರಭೆಯನ್ನು ಉಂಟುಮಾಡಬಲ್ಲವು. ಆದ್ದರಿಂದ ಶೂಟಿಂಗ್ ಹವ್ಯಾಸವುಳ್ಳವರು ಶಸ್ತ್ರಚಿಕಿತ್ಸೆಗೆ ಮೊದಲೇ ತಮ್ಮ ಅಗತ್ಯವನ್ನು ವೈದ್ಯರಿಗೆ ತಿಳಿಸುವುದು ಒಳಿತು.

ವರ್ಣಾಂಧತೆ: ಕೆಂಪು ಬೆಳಕನ್ನು ಗ್ರಹಿಸುವ ಕೋಶಗಳ ದೋಷವಿರುವವರಿಗೆ ಕೆಂಪು ಚುಕ್ಕೆ ಮಂಕಾಗಿ ಕಾಣುತ್ತದೆ. ಅವರಿಗೆ ಹಸಿರು ಚುಕ್ಕೆ ಅನುಕೂಲಕರ.

ಕನ್ನಡಕದ ಆಯ್ಕೆ

ಓದುವ ಕನ್ನಡಕವನ್ನೇ ಧರಿಸಿ ಗುರಿಯಿಡುವುದು ಸಾಮಾನ್ಯವಾಗಿ ಫಲಕಾರಿಯಲ್ಲ. ಪುಸ್ತಕವನ್ನು ಸುಮಾರು 40 ಸೆಂ.ಮೀ. ದೂರದಲ್ಲಿ ಹಿಡಿಯುವುದರಿಂದ ಪೂರ್ಣಪ್ರಮಾಣದ ಓದುವ ಕನ್ನಡಕದ ಹೆಚ್ಚುವರಿ ಶಕ್ತಿ +2.50 ಡಯಾಪ್ಟರಿನಷ್ಟಿರುತ್ತದೆ. ಅದರಲ್ಲಿ 80 ಸೆಂ.ಮೀ. ದೂರದ ಫ್ರಂಟ್ ಸೈಟ್ ಮಸುಕಾಗುತ್ತದೆ, ಗುರಿಯಂತೂ ಕಲಸಿಹೋಗುತ್ತದೆ. ದ್ವಿನಾಭಿ ಕನ್ನಡಕದಲ್ಲಿ ಓದುವ ಭಾಗ ಕೆಳಗಿರುವುದರಿಂದ ಸೈಟ್ ನೋಡಲು ತಲೆಯನ್ನು ಹಿಂದಕ್ಕೆ ಬಾಗಿಸಬೇಕಾಗಿ ನಿಲುವು ಕೆಡುತ್ತದೆ. ಪ್ರೋಗ್ರೆಸಿವ್ ಕನ್ನಡಕದಲ್ಲಿ ಮಧ್ಯದೂರಕ್ಕೆ ಮೀಸಲಾದ ಭಾಗ ಕಿರಿದಾಗಿದ್ದು, ತಲೆ ತುಸು ಅಲುಗಿದರೂ ಸೈಟ್ ಅದರಿಂದ ತಪ್ಪಿಹೋಗುತ್ತದೆ.

ಶೂಟಿಂಗ್‌ಗಾಗಿ ಪ್ರತ್ಯೇಕ ಏಕನಾಭಿ ಮಸೂರವನ್ನು ಮಾಡಿಸಿಕೊಳ್ಳುವುದು ಉತ್ತಮ ಮಾರ್ಗ. ದೂರದ ನೋಟಕ್ಕೆ ನೇತ್ರತಜ್ಞರು ಸೂಚಿಸಿದ ಶಕ್ತಿಗೆ +0.50 ಅಥವಾ +0.75 ಡಯಾಪ್ಟರ್ ಸೇರಿಸುವುದು ಸಾಮಾನ್ಯ ಆರಂಭಬಿಂದು. ದೂರಕ್ಕೆ −3.00 ಧರಿಸುವವರು −2.50 ಅಥವಾ −2.25 ಪರೀಕ್ಷಿಸಿ ನೋಡಬಹುದು. ದೂರಕ್ಕೆ ಕನ್ನಡಕವೇ ಬೇಡದವರು +0.50 ಅಥವಾ +0.75 ಪರೀಕ್ಷಿಸಬಹುದು. +0.75 ಶಕ್ತಿಯು ಕಣ್ಣಿನ ಸ್ಪಷ್ಟದೂರವನ್ನು ಸುಮಾರು 1.33 ಮೀಟರಿಗೆ ತರುತ್ತದೆ. ಇದು ಫ್ರಂಟ್ ಸೈಟ್‌ನ ಆಚೆಗಿನ, ಗುರಿಯ ಈಚೆಗಿನ ನೆಲೆ. ಇಲ್ಲಿ ಎರಡೂ ಅಲ್ಪಸ್ವಲ್ಪ ಮಸುಕಾದರೂ ಯಾವುದೂ ಕೈತಪ್ಪುವುದಿಲ್ಲ. ಅಂತಿಮ ಶಕ್ತಿಯನ್ನು ನಿರ್ಧರಿಸುವಾಗ ಸಂಶಯವಿದ್ದಲ್ಲಿ ಫ್ರಂಟ್ ಸೈಟ್‌ನ ಮೇಲಂಚು ಹೆಚ್ಚು ಸ್ಪಷ್ಟವಾಗುವ ಮಸೂರವನ್ನು ಆರಿಸಬೇಕು.

ನೇತ್ರತಜ್ಞರ ಬಳಿಗೆ ಹೋಗುವ ಮೊದಲು, ಗುರಿಯಿಡುವ ಭಂಗಿಯಲ್ಲಿ ಕಣ್ಣಿನಿಂದ ಫ್ರಂಟ್ ಸೈಟ್‌ಗೆ ಇರುವ ದೂರವನ್ನು ಇನ್ನೊಬ್ಬರ ನೆರವಿನಿಂದ ಅಳೆದು ಬರೆದುಕೊಳ್ಳುವುದು ಉಪಯುಕ್ತ. ಪಿಸ್ತೂಲನ್ನು ಚಿಕಿತ್ಸಾಲಯಕ್ಕೆ ಒಯ್ಯುವ ಅಗತ್ಯವಿಲ್ಲ, ಅಳತೆಯೊಂದೇ ಸಾಕು. ಅಸ್ಟಿಗ್ಮ್ಯಾಟಿಸಂ ಇದ್ದಲ್ಲಿ ಅದರ ತಿದ್ದುಪಡಿಯನ್ನೂ ಮಸೂರದಲ್ಲಿ ಸೇರಿಸಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಓದುವ ಕನ್ನಡಕಗಳಲ್ಲಿ ಈ ತಿದ್ದುಪಡಿ ಇರುವುದಿಲ್ಲ.

ಕಿರುರಂಧ್ರ ಮತ್ತು ಬೆಳಕು

ಪಾಪೆ ಚಿಕ್ಕದಾದಷ್ಟೂ ಮಸುಕು ಕಡಿಮೆಯಾಗುತ್ತದೆ. ಮಸುಕಿನ ಗಾತ್ರವು ಪಾಪೆಯ ವ್ಯಾಸ ಮತ್ತು ನಾಭಿಯ ತಪ್ಪು ಇವೆರಡರ ಗುಣಲಬ್ಧವನ್ನು ಅನುಸರಿಸುತ್ತದೆ. ಪಾಪೆ 4 ಮಿ.ಮೀ. ಇದ್ದು, ಹೊಂದಾಣಿಕೆಯ ಶಕ್ತಿಯನ್ನು ಸಂಪೂರ್ಣ ಕಳೆದುಕೊಂಡ ಕಣ್ಣು ದೂರಕ್ಕೆ ನೆಟ್ಟಿದ್ದರೆ, 80 ಸೆಂ.ಮೀ. ದೂರದ ಫ್ರಂಟ್ ಸೈಟ್‌ನ ಸುತ್ತ ಸುಮಾರು 4 ಮಿ.ಮೀ. ಅಗಲದ ಮಸುಕು ಕಾಣುತ್ತದೆ. ಇದು ಸ್ಪರ್ಧಾ ಪಿಸ್ತೂಲಿನ ಫ್ರಂಟ್ ಸೈಟ್‌ನ ಅಗಲಕ್ಕೆ ಬಹುಮಟ್ಟಿಗೆ ಸಮ. ಸೈಟ್ ಮತ್ತು ಗುರಿಯ ನಡುವಣ ದೂರಕ್ಕೆ ತಕ್ಕ ಮಸೂರ ಧರಿಸಿದಾಗ ಈ ಮಸುಕು 2 ಮಿ.ಮೀ.ಗಿಂತ ಕೆಳಗಿಳಿಯುತ್ತದೆ. ಅದರೊಂದಿಗೆ ಪಾಪೆಯ ಮುಂದೆ 1.2 ಮಿ.ಮೀ. ರಂಧ್ರವನ್ನಿಟ್ಟರೆ ಸುಮಾರು ಅರ್ಧ ಮಿ.ಮೀ.ಗೆ ಬರುತ್ತದೆ.

ಈ ಉದ್ದೇಶಕ್ಕಾಗಿ ಶೂಟಿಂಗ್ ಕನ್ನಡಕಗಳಿಗೆ ಐರಿಸ್ ಎಂಬ, ರಂಧ್ರದ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಬಿಲ್ಲೆಯನ್ನು ಜೋಡಿಸುತ್ತಾರೆ. ರಂಧ್ರವು ಕಣ್ಣಿಗೆ ಹತ್ತಿರದಲ್ಲಿದ್ದರೆ ಮಾತ್ರ ಈ ಪರಿಣಾಮ ದೊರೆಯುತ್ತದೆ. ಪಿಸ್ತೂಲಿನ ರಿಯರ್ ಸೈಟ್‌ನಲ್ಲಿಯೇ ರಂಧ್ರವಿದ್ದರೆ ಅದು ಕಣ್ಣಿನಿಂದ ಅರ್ಧ ಮೀಟರಿಗೂ ಆಚೆ ಇರುವುದರಿಂದ ಪಾಪೆಯನ್ನು ಕಿರಿದುಗೊಳಿಸಿದ ಫಲ ಸಿಗುವುದಿಲ್ಲ. ರಂಧ್ರವನ್ನು ಅತಿಯಾಗಿ ಕಿರಿದುಗೊಳಿಸಿದರೂ ತೊಂದರೆಯಿದೆ: ಬೆಳಕು ಸಾಲದಾಗುತ್ತದೆ, ಬೆಳಕಿನ ವಿವರ್ತನೆಯಿಂದ ಹೊಸ ಮಸುಕು ಹುಟ್ಟುತ್ತದೆ, ಸುತ್ತಲಿನ ನೋಟವೂ ಕುಗ್ಗುತ್ತದೆ. ಆದ್ದರಿಂದ ಐರಿಸ್ ನಿಶ್ಚಲ ಗುರಿಯ ಸ್ಪರ್ಧೆಗಳಿಗೆ ಹೊಂದುತ್ತದೆ. ಓಡಾಡುತ್ತ ಗುಂಡು ಹಾರಿಸುವ ಸ್ಪರ್ಧೆಗಳಿಗೆ ಹೊಂದುವುದಿಲ್ಲ.

ಪ್ರಖರ ಬೆಳಕಿನಲ್ಲಿ ಪಾಪೆ ತಾನಾಗಿಯೇ ಕಿರಿದಾಗುವುದರಿಂದ ಮಧ್ಯಾಹ್ನ ಸ್ಪಷ್ಟವಾಗಿ ಕಂಡ ಸೈಟ್ ಸಂಜೆ ಮಸುಕಾಗಬಹುದು. ಆದಕಾರಣ ಮಸೂರವನ್ನು ಬಳಸಲಿರುವ ಬೆಳಕಿನಲ್ಲಿಯೇ ಪರೀಕ್ಷಿಸಬೇಕು. ಹಳದಿ ಬಣ್ಣದ ಫಿಲ್ಟರ್‌ಗಳು ಕಪ್ಪು ಬಿಳುಪಿನ ವ್ಯತ್ಯಾಸವನ್ನು ಹೆಚ್ಚಿಸಿದಂತೆ ಕೆಲವರಿಗೆ ಅನಿಸುತ್ತದೆ. ಆದರೆ ಅವು ನಾಭಿಯ ತಪ್ಪನ್ನು ತಿದ್ದಲಾರವು.

ಗುರಿಸಾಧನಗಳ ಬಗೆಗಳು

ತೆರೆದ ಸೈಟ್: ಮಸುಕು ಉಂಟಾದಾಗ ಮೊದಲು ಕಣ್ಮರೆಯಾಗುವುದು ಫ್ರಂಟ್ ಸೈಟ್‌ನ ಎರಡು ಬದಿಗಳಲ್ಲಿ ಕಚ್ಚಿನೊಳಗೆ ಕಾಣುವ ಬೆಳಕಿನ ಗೆರೆಗಳು. ಕಚ್ಚನ್ನು ಅಗಲಗೊಳಿಸಿದರೆ ಅಥವಾ ಫ್ರಂಟ್ ಸೈಟನ್ನು ತೆಳುವಾಗಿಸಿದರೆ ಈ ಗೆರೆಗಳು ಉಳಿದುಕೊಳ್ಳುತ್ತವೆ. ಎರಡೂ ಬದಿಯ ಬೆಳಕನ್ನು ಸಮವಾಗಿಸುವುದು ಕಣ್ಣಿಗೆ ಸುಲಭವಾದ ಕೆಲಸ. ಸೈಟ್‌ಗಳ ಮೇಲ್ಮೈ ಹೊಳಪಿಲ್ಲದ ಕಪ್ಪಾಗಿರುವುದು ಅಗತ್ಯ. ಸವೆದು ಹೊಳೆಯುವ ಅಂಚು ಬೆಳಕಿನ ದಿಕ್ಕಿಗೆ ಅನುಗುಣವಾಗಿ ಗುರಿಯನ್ನು ತಪ್ಪಿಸುತ್ತದೆ. ಉದ್ದ ನಳಿಕೆಯ ಪಿಸ್ತೂಲಿನಲ್ಲಿ ಸೈಟ್‌ಗಳ ನಡುವಿನ ಅಂತರ ಹೆಚ್ಚಿರುವುದರಿಂದ ಹೊಂದಾಣಿಕೆಯ ತಪ್ಪಿಗೆ ದಂಡ ಕಡಿಮೆ. ಫ್ರಂಟ್ ಸೈಟ್ ಕಣ್ಣಿನಿಂದ ತುಸು ದೂರವಾಗುವುದೂ ಚಾಳೀಸಿನವರಿಗೆ ಲಾಭವೇ.

ಫೈಬರ್ ಆಪ್ಟಿಕ್ ಮತ್ತು ಟ್ರಿಟಿಯಂ ಸೈಟ್: ಫೈಬರ್ ಆಪ್ಟಿಕ್ ಸೈಟ್‌ನಲ್ಲಿರುವ ಬಣ್ಣದ ಪ್ಲಾಸ್ಟಿಕ್ ಎಳೆಯು ಸುತ್ತಲಿನ ಬೆಳಕನ್ನು ಸಂಗ್ರಹಿಸಿ ತುದಿಯಲ್ಲಿ ಹೊಳೆಯುತ್ತದೆ. ಟ್ರಿಟಿಯಂ ಸೈಟ್‌ನಲ್ಲಿ ವಿಕಿರಣಶೀಲ ಟ್ರಿಟಿಯಂ ಅನಿಲವು ರಂಜಕ ಪದರವನ್ನು ಕತ್ತಲಲ್ಲಿಯೂ ಬೆಳಗಿಸುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷಗಳಾದ್ದರಿಂದ ಹೊಳಪು ಕ್ರಮೇಣ ಕುಂದುತ್ತದೆ. ಇವು ಫ್ರಂಟ್ ಸೈಟ್ ಎಲ್ಲಿದೆ ಎಂಬುದನ್ನು ಬೇಗ ಕಂಡುಕೊಳ್ಳಲು ನೆರವಾಗುತ್ತವೆ. ಆದರೆ ನಾಭಿ ತಪ್ಪಿದ ಕಣ್ಣಿಗೆ ಹೊಳೆಯುವ ಚುಕ್ಕೆಯೂ ಹಿಗ್ಗಿದ ಉಂಡೆಯಾಗಿಯೇ ಕಾಣುತ್ತದೆ, ಸೈಟ್‌ನ ಮೇಲಂಚನ್ನು ಮರೆಮಾಡುತ್ತದೆ. ಹತ್ತಿರದ ದೊಡ್ಡ ಗುರಿಗೆ ಇದು ಬಾಧಕವಲ್ಲ. ನಿಖರ ಸ್ಪರ್ಧೆಗೆ ಸರಳ ಕಪ್ಪು ಕಂಬವೇ ಮೇಲು.

ರೆಡ್ ಡಾಟ್: ಬಾಗಿದ ಗಾಜಿನ ನಾಭಿಯಲ್ಲಿ ಇರಿಸಿದ ಎಲ್‌ಇಡಿಯ ಬೆಳಕು ಗಾಜಿನಿಂದ ಪ್ರತಿಫಲಿಸಿ ಸಮಾನಾಂತರ ಕಿರಣಗಳಾಗಿ ಕಣ್ಣನ್ನು ತಲುಪುತ್ತದೆ. ಇದರಿಂದ ಚುಕ್ಕೆಯು ಗಾಜಿನ ಮೇಲಲ್ಲದೆ ಬಹುದೂರದಲ್ಲಿ ಇರುವಂತೆ ತೋರುತ್ತದೆ. ಪ್ರತಿಫಲನದ ಗುರಿಸಾಧನಕ್ಕೆ ಡಬ್ಲಿನ್ ನಗರದ ಹೊವಾರ್ಡ್ ಗ್ರಬ್ 1900ರಲ್ಲಿ ಪೇಟೆಂಟ್ ಪಡೆದರು. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ 1975ರಲ್ಲಿ ಎಲೆಕ್ಟ್ರಾನಿಕ್ ರೆಡ್ ಡಾಟ್ ಸಾಧನವನ್ನು ಮಾರುಕಟ್ಟೆಗೆ ತಂದಿತು. ಚುಕ್ಕೆ ಮತ್ತು ಗುರಿ ಎರಡೂ ದೂರದಲ್ಲಿಯೇ ಇರುವುದರಿಂದ ಮೂರು ದೂರಗಳ ಸಮಸ್ಯೆ ಇಲ್ಲಿ ಒಂದೇ ದೂರಕ್ಕೆ ಇಳಿಯುತ್ತದೆ. ಚಾಳೀಸಿನವರಿಗೆ ಇದು ಅತ್ಯಂತ ಅನುಕೂಲಕರವಾಗಲು ಇದೇ ಕಾರಣ. ಸಮೀಪದೃಷ್ಟಿಯವರು ಮಾತ್ರ ದೂರದ ಕನ್ನಡಕವನ್ನು ಧರಿಸಿಯೇ ಇದನ್ನು ಬಳಸಬೇಕು. ರೆಡ್ ಡಾಟ್ ಕನ್ನಡಕಕ್ಕೆ ಬದಲಿಯಲ್ಲ.

ಚುಕ್ಕೆಯ ಗಾತ್ರವನ್ನು ಕೋನಮಾನದ ಮಿನಿಟ್‌ಗಳಲ್ಲಿ ಹೇಳುತ್ತಾರೆ. ಒಂದು ಮಿನಿಟ್ ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ. 3 ಮಿನಿಟ್‌ನ ಚುಕ್ಕೆಯು 10 ಮೀಟರ್ ದೂರದಲ್ಲಿ ಸುಮಾರು 9 ಮಿ.ಮೀ., 25 ಮೀಟರ್ ದೂರದಲ್ಲಿ ಸುಮಾರು 22 ಮಿ.ಮೀ. ಜಾಗವನ್ನು ಮುಚ್ಚುತ್ತದೆ, 6 ಮಿನಿಟ್‌ನದು ಅದರ ಇಮ್ಮಡಿ. ದೊಡ್ಡ ಚುಕ್ಕೆಯನ್ನು ಕಡಿಮೆ ಹೊಳಪಿನಲ್ಲಿಯೂ ಬೇಗ ಕಂಡುಹಿಡಿಯಬಹುದು. ಚಿಕ್ಕ ಚುಕ್ಕೆ ನಿಖರತೆಗೆ ಒಳ್ಳೆಯದು. ಅಗತ್ಯಕ್ಕಿಂತ ಹೆಚ್ಚಿನ ಹೊಳಪಿನಲ್ಲಿ ಯಾವ ಚುಕ್ಕೆಯಾದರೂ ಹರಡಿದಂತೆ ಕಾಣುತ್ತದೆ.

ಚುಕ್ಕೆ ವಿರೂಪವಾಗಿ ಕಂಡರೆ ದೋಷ ಸಾಧನದ್ದೋ ಕಣ್ಣಿನದೋ ಎಂಬುದನ್ನು ಪತ್ತೆಮಾಡುವುದು ಸುಲಭ. ಪಿಸ್ತೂಲಿಗೆ ಜೋಡಿಸದ ಸಾಧನವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ವಿರೂಪವು ಸಾಧನದೊಂದಿಗೆ ತಿರುಗಿದರೆ ದೋಷ ಸಾಧನದ್ದು. ತಿರುಗದೆ ಹಾಗೆಯೇ ನಿಂತರೆ ದೋಷ ಕಣ್ಣಿನದು. ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕೆ ದುಂಡಗೆ ಕಂಡರೂ ಕಣ್ಣಿನ ದೋಷವೆಂದೇ ತಿಳಿಯಬಹುದು. ಅಸ್ಟಿಗ್ಮ್ಯಾಟಿಸಂ ತಿದ್ದುವ ಮಸೂರವೇ ಇದಕ್ಕೆ ಮೊದಲ ಪರಿಹಾರ. ಹೊಳಪನ್ನು ತಗ್ಗಿಸುವುದೂ ನೆರವಾಗುತ್ತದೆ.

ರೆಡ್ ಡಾಟ್‌ಗೆ ಮಿತಿಗಳೂ ಇವೆ. ಬ್ಯಾಟರಿ ಮುಗಿಯಬಹುದು, ಮಳೆ ಅಥವಾ ಬೆವರಿನ ಹನಿ ಗಾಜನ್ನು ಮುಚ್ಚಬಹುದು. ತೆರೆದ ಸೈಟ್‌ಗೆ ಒಗ್ಗಿದವರು ಮೊದಮೊದಲು ಚುಕ್ಕೆಯನ್ನು ಗಾಜಿನೊಳಗೆ ಹುಡುಕಾಡುತ್ತಾರೆ. ಪಿಸ್ತೂಲನ್ನು ಪ್ರತಿಬಾರಿಯೂ ಒಂದೇ ಕೋನದಲ್ಲಿ ಎತ್ತುವ ಅಭ್ಯಾಸದಿಂದ ಮಾತ್ರ ಇದು ನೀಗುತ್ತದೆ. ಕೈಯ ಸಹಜ ನಡುಕವನ್ನು ಚುಕ್ಕೆ ಎತ್ತಿ ತೋರಿಸುವುದರಿಂದ ಕೆಲವರು ಅದು ನಿಲ್ಲುವ ಕ್ಷಣಕ್ಕಾಗಿ ಕಾದು ಟ್ರಿಗರನ್ನು ಥಟ್ಟನೆ ಎಳೆದುಬಿಡುತ್ತಾರೆ.

ಲೇಸರ್: ಲೇಸರ್ ಬಿಂದುವು ಗುರಿಯ ಮೇಲೆಯೇ ಬೀಳುವುದರಿಂದ ಸೈಟ್ ನೋಡುವ ಅಗತ್ಯವಿಲ್ಲ. ಆದರೆ ಬಿಸಿಲಿನಲ್ಲಿ ಬಿಂದು ಕಾಣುವುದು ಕಷ್ಟ; ದೂರದ ನೋಟ ಮಸುಕಾಗಿರುವವರಿಗೆ ಅದು ಕಾಣದೆಯೂ ಹೋಗಬಹುದು. ಹಗಲಿನ ಬೆಳಕಿಗೆ ಒಗ್ಗಿದ ಕಣ್ಣು 555 ನ್ಯಾನೋಮೀಟರ್ ಸುತ್ತಲಿನ ಹಸಿರು ಬೆಳಕಿಗೆ ಅತಿ ಹೆಚ್ಚು ಸಂವೇದಿಯಾಗಿರುವುದರಿಂದ, ಸಮಾನ ಶಕ್ತಿಯ ಕೆಂಪು ಲೇಸರಿಗಿಂತ ಹಸಿರು ಲೇಸರ್ ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತದೆ. ಲೇಸರ್ ಕಿರಣ ಯಾರ ಕಣ್ಣಿಗೂ ನೇರವಾಗಿ ಬೀಳಬಾರದು.

ಪಿಸ್ತೂಲ್ ದೂರದರ್ಶಕ: ಚಾಚಿದ ಕೈಯ ದೂರದಿಂದ ನೋಡಲೆಂದೇ ರೂಪಿಸಿದ ದೂರದರ್ಶಕಗಳು ಕೆಲವು ದೇಶಗಳಲ್ಲಿ ಬೇಟೆಯ ರಿವಾಲ್ವರುಗಳ ಮೇಲೆ ಬಳಕೆಯಲ್ಲಿವೆ. ಇವು ಗುರಿಯೊಂದಿಗೆ ಕೈಯ ನಡುಕವನ್ನೂ ಹಿಗ್ಗಿಸುತ್ತವೆ. ನೋಟದ ಹರವೂ ಕಿರಿದು.

ಪ್ರಬಲ ಕಣ್ಣು ಮತ್ತು ಮರೆಪಟ್ಟಿ

ಹೆಚ್ಚಿನವರಲ್ಲಿ ಎರಡು ಕಣ್ಣುಗಳ ಪೈಕಿ ಒಂದು ದಿಕ್ಕನ್ನು ನಿರ್ಧರಿಸುವಲ್ಲಿ ಪ್ರಬಲವಾಗಿರುತ್ತದೆ. ಬಲಗೈ ಶೂಟರ್‌ನ ಎಡಗಣ್ಣು ಪ್ರಬಲವಾಗಿದ್ದರೆ ಪಿಸ್ತೂಲಿನಲ್ಲಿ ಅದು ದೊಡ್ಡ ಅಡ್ಡಿಯಲ್ಲ. ತಲೆಯನ್ನು ತುಸು ತಿರುಗಿಸಿದರೆ ಸಾಕು. ಪೊರೆ ಅಥವಾ ಬೇರೆ ಕಾಯಿಲೆಯಿಂದ ಪ್ರಬಲ ಕಣ್ಣು ಕೆಟ್ಟಲ್ಲಿ, ಉತ್ತಮವಾಗಿರುವ ಇನ್ನೊಂದು ಕಣ್ಣಿನಿಂದ ಗುರಿಯಿಡಲು ಅಭ್ಯಾಸ ಮಾಡಬಹುದು. ಗುರಿಯಿಡದ ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಮುಖದ ಸ್ನಾಯುಗಳು ದಣಿಯುತ್ತವೆ, ತೆರೆದ ಕಣ್ಣಿನ ಪಾಪೆಯೂ ಹಿಗ್ಗುತ್ತದೆ. ಬೆಳಕನ್ನು ಒಳಬಿಡುವ ಅರೆಪಾರದರ್ಶಕ ಮರೆಪಟ್ಟಿಯನ್ನು ಆ ಕಣ್ಣಿನ ಮುಂದೆ ಇಡುವುದು ಇದಕ್ಕಿಂತ ಉತ್ತಮ.

ಸ್ಪರ್ಧಾ ನಿಯಮಗಳು

ಒಲಿಂಪಿಕ್ ಶೂಟಿಂಗನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ಪಿಸ್ತೂಲ್ ಸ್ಪರ್ಧೆಗಳಲ್ಲಿ ತೆರೆದ ಸೈಟ್‌ಗೆ ಮಾತ್ರ ಅವಕಾಶವಿದೆ. ರೆಡ್ ಡಾಟ್, ಲೇಸರ್, ದೂರದರ್ಶಕಗಳು ನಿಷಿದ್ಧ. ದೃಷ್ಟಿ ತಿದ್ದುವ ಮಸೂರವನ್ನು ಪಿಸ್ತೂಲಿಗೆ ಜೋಡಿಸುವಂತಿಲ್ಲ, ಆದರೆ ಶೂಟರ್ ಅದನ್ನು ಕನ್ನಡಕದಲ್ಲಿ ಧರಿಸಬಹುದು. ಗುರಿಯಿಡದ ಕಣ್ಣಿನ ಮುಂದೆ 30 ಮಿ.ಮೀ. ಮೀರದ ಅಗಲದ ಮರೆಪಟ್ಟಿಗೆ ಅನುಮತಿಯಿದೆ. ಹೀಗಾಗಿ ಈ ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ ಕನ್ನಡಕ ಮತ್ತು ಐರಿಸ್‌ಗಳೇ ಪರಿಹಾರ. ಓಡಾಡುತ್ತ ಗುಂಡು ಹಾರಿಸುವ ಐಪಿಎಸ್‌ಸಿ ಸ್ಪರ್ಧೆಗಳಲ್ಲಿ ಓಪನ್ ಮತ್ತು ಪ್ರೊಡಕ್ಷನ್ ಆಪ್ಟಿಕ್ಸ್ ವಿಭಾಗಗಳು ರೆಡ್ ಡಾಟ್‌ಗೆ ಅವಕಾಶ ನೀಡುತ್ತವೆ. ದೃಷ್ಟಿಹೀನರ ಪ್ಯಾರಾ ಶೂಟಿಂಗ್‌ನಲ್ಲಿ ಏರ್ ರೈಫಲ್ ಬಳಸುತ್ತಾರೆ. ಅಲ್ಲಿ ಗುರಿಗೆ ಸಮೀಪವಾದಂತೆ ಬದಲಾಗುವ ಧ್ವನಿಯೇ ಗುರಿಸಾಧನ.

ವಯಸ್ಸು ಈ ಕ್ರೀಡೆಗೆ ತಡೆಯಲ್ಲ ಎಂಬುದಕ್ಕೆ ನಿದರ್ಶನಗಳಿವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ಸ್ಪರ್ಧೆಯಲ್ಲಿ 51 ವರ್ಷದ ಟರ್ಕಿಯ ಯೂಸುಫ್ ದಿಕೇಚ್, ಐರಿಸ್ ಮತ್ತು ಮರೆಪಟ್ಟಿಗಳಿಲ್ಲದೆ ಸಾಮಾನ್ಯ ಕನ್ನಡಕ ಧರಿಸಿ ಬೆಳ್ಳಿ ಪದಕ ಗೆದ್ದ ತಂಡದಲ್ಲಿದ್ದರು. ಅದೇ ಸ್ಪರ್ಧೆಯಲ್ಲಿ ಭಾರತದ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚು ಪಡೆದರು. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಮತ್ತು ಪ್ರಕಾಶಿ ತೋಮರ್ ಅರವತ್ತು ದಾಟಿದ ಮೇಲೆ ಪಿಸ್ತೂಲ್ ಶೂಟಿಂಗ್ ಕಲಿತು ಹೆಸರಾದರು. ಅವರ ಜೀವನವನ್ನು ಆಧರಿಸಿದ ಹಿಂದಿ ಚಲನಚಿತ್ರ 'ಸಾಂಡ್ ಕೀ ಆಂಖ್' 2019ರಲ್ಲಿ ಬಿಡುಗಡೆಯಾಯಿತು.

ಆಯ್ಕೆಯ ಕ್ರಮ

ಹೊಸ ಗುರಿಸಾಧನವನ್ನು ಕೊಳ್ಳುವ ಮೊದಲು ಕೆಳಗಿನ ಕ್ರಮವನ್ನು ಅನುಸರಿಸುವುದರಿಂದ ಅನಗತ್ಯ ವೆಚ್ಚ ತಪ್ಪುತ್ತದೆ.

1. ಸಂಪೂರ್ಣ ನೇತ್ರಪರೀಕ್ಷೆ ಮಾಡಿಸಿ, ಮಸುಕಿಗೆ ಕಾರಣ ನಾಭಿಯ ತಪ್ಪೋ ಪೊರೆಯೋ ಅಕ್ಷಿಪಟಲದ ಕಾಯಿಲೆಯೋ ಎಂಬುದನ್ನು ತಿಳಿಯುವುದು. ನಾಭಿಯ ತಪ್ಪನ್ನು ಮಾತ್ರ ಮಸೂರದಿಂದ ತಿದ್ದಬಹುದು.
2. ಪಿಸ್ತೂಲಿನ ಬಳಕೆ ಯಾವುದು, ಸಂಬಂಧಿಸಿದ ಸ್ಪರ್ಧೆಯ ನಿಯಮಗಳು ಏನನ್ನು ಅನುಮತಿಸುತ್ತವೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು.
3. ತೆರೆದ ಸೈಟ್ ಬಳಸುವುದಾದರೆ ಫ್ರಂಟ್ ಸೈಟ್‌ನ ದೂರಕ್ಕೆ ತಕ್ಕ ಮಸೂರವನ್ನು ಪರೀಕ್ಷಿಸುವುದು. ಬಳಿಕ ಐರಿಸ್, ಆಮೇಲೆ ಕಚ್ಚಿನ ಅಗಲ.
4. ರೆಡ್ ಡಾಟ್‌ಗೆ ಅವಕಾಶವಿದ್ದಲ್ಲಿ, ದೂರದ ಕನ್ನಡಕ ಧರಿಸಿ ಬೇರೆ ಬೇರೆ ಗಾತ್ರ ಹಾಗೂ ಬಣ್ಣದ ಚುಕ್ಕೆಗಳನ್ನು ನೋಡಿ, ದುಂಡಗೆ ಕಾಣುವುದನ್ನು ಆರಿಸುವುದು.
5. ಆಯ್ಕೆಯನ್ನು ಒಂದೇ ದಿನದ ಅನಿಸಿಕೆಯಿಂದಲ್ಲದೆ ಗುರಿಫಲಕದ ಮೇಲಿನ ಗುಂಡುಗಳ ಹರವಿನಿಂದ, ಬೇರೆ ಬೇರೆ ಬೆಳಕಿನಲ್ಲಿ, ಪರಿಶೀಲಿಸುವುದು.

ಸುರಕ್ಷತೆ ಮತ್ತು ಮಿತಿಗಳು

ಶೂಟಿಂಗ್ ಅಂಗಣದಲ್ಲಿ ಧರಿಸುವ ಮಸೂರವು ಪಾಲಿಕಾರ್ಬೊನೇಟ್‌ನಂಥ ಸುಲಭವಾಗಿ ಒಡೆಯದ ವಸ್ತುವಿನದಾಗಿರಬೇಕು ಅಥವಾ ಅದರ ಮೇಲೆ ಸುರಕ್ಷಾ ಕನ್ನಡಕ ಇರಬೇಕು. ಮಸೂರಗಳನ್ನು ಮನೆಯಲ್ಲಿ ಪರೀಕ್ಷಿಸುವವರು ಪಿಸ್ತೂಲನ್ನು ಬಳಸದೆ, ಚಾಚಿದ ಕೈಯಲ್ಲಿ ಹಿಡಿದ ಪೆನ್ಸಿಲ್ಲಿನ ತುದಿಯನ್ನು ನೋಡಿಯೂ ಶಕ್ತಿಯನ್ನು ಅಂದಾಜಿಸಬಹುದು. ಭಾರತದಲ್ಲಿ ಪಿಸ್ತೂಲು ಮತ್ತು ರಿವಾಲ್ವರುಗಳನ್ನು ಹೊಂದಲು 1959ರ ಆಯುಧಗಳ ಅಧಿನಿಯಮದ ಅಡಿಯಲ್ಲಿ ಪರವಾನಗಿ ಅಗತ್ಯ.

ಅಕ್ಷಿಪಟಲದ ಮಧ್ಯಭಾಗದ ಸವೆತ, ಮುಂದುವರಿದ ಗ್ಲಾಕೋಮಾ, ಮಧುಮೇಹದಿಂದ ಉಂಟಾದ ಅಕ್ಷಿಪಟಲದ ಹಾನಿ ಮುಂತಾದವುಗಳನ್ನು ಯಾವ ಗುರಿಸಾಧನವೂ ಸರಿದೂಗಿಸಲಾರದು. ಸೈಟ್ ಇದ್ದಕ್ಕಿದ್ದಂತೆ ಬಾಗಿದಂತೆ, ಮುರಿದಂತೆ ಅಥವಾ ಅರ್ಧ ಮರೆಯಾದಂತೆ ಕಂಡರೆ ಅದು ಕಾಯಿಲೆಯ ಸೂಚನೆಯಾಗಿರಬಹುದಾದ್ದರಿಂದ ತಡಮಾಡದೆ ವೈದ್ಯರನ್ನು ಕಾಣಬೇಕು. ಗುರಿಸಾಧನವು ನಳಿಕೆಯ ದಿಕ್ಕನ್ನು ಮಾತ್ರ ತಿಳಿಸುತ್ತದೆ. ಎದುರಿಗಿರುವುದು ಏನು, ಅದರ ಹಿಂದೆ ಯಾರಿದ್ದಾರೆ ಎಂಬುದನ್ನು ಗುರುತಿಸಬೇಕಾದದ್ದು ಕಣ್ಣು. ಹೊಳೆಯುವ ಚುಕ್ಕೆ ಸ್ಪಷ್ಟವಾಗಿ ಕಂಡ ಮಾತ್ರಕ್ಕೆ ಗುರಿಯೂ ಸ್ಪಷ್ಟವಾಗಿದೆ ಎಂದು ಭಾವಿಸುವುದು ಅಪಾಯಕಾರಿ. ಸೂಕ್ತ ಕನ್ನಡಕ ಧರಿಸಿದ ಮೇಲೆಯೂ ಗುರಿಯನ್ನು ಮತ್ತು ಅದರ ಹಿನ್ನೆಲೆಯನ್ನು ನಿಸ್ಸಂದೇಹವಾಗಿ ಗುರುತಿಸಲಾಗದವರು ಗುಂಡು ಹಾರಿಸಬಾರದು.